ಗಡ್ಡೆಯ ಮಾತು ಕೇಳುವ ರಿನ್ಸೆ

ರಿನ್ಸೆಯ ಮುತ್ತಜ್ಜ ಯೆಲ್ಮರ್, ಸಮುದ್ರವೇ ಹೆಪ್ಪುಗಟ್ಟಿದ ಒಂದು ಚಳಿಗಾಲದಲ್ಲಿ ಸೂಲಗಿತ್ತಿಯನ್ನು ಬೆನ್ನಿಗೆ ಕಟ್ಟಿಕೊಂಡು ಎದುರಿನ ದ್ವೀಪಕ್ಕೆ ನಡೆದುಹೋದವನು. ಅಜ್ಜ ಔಕೆ, ಮೇಯರನ ಮಗಳ ಮದುವೆಯ ದಿಬ್ಬಣವನ್ನು ಹೆಪ್ಪುಗಟ್ಟಿದ ಕಾಲುವೆಯ ದಂಡೆಯಲ್ಲೇ ತಡೆದು, ಇವತ್ತು ಕುದುರೆ ಇಳಿಸಕೂಡದು ಎಂದವನು. ಮೇಯರ್ ಬಾಯಿಗೆ ಬಂದಂತೆ ಬೈದ. ಸಂಜೆಗೆ ಅದೇ ಜಾಗದಲ್ಲಿ ಒಂದು ನಾಯಿ ಓಡಿ ಮುಳುಗಿತು, ಮೇಯರ್ ಹ್ಯಾಟು ಕೈಯಲ್ಲಿ ಹಿಡಿದುಕೊಂಡು ಔಕೆಯ ಮನೆಗೆ ಬಂದ. ಅಪ್ಪ ದೌವೆ, ಒಡೆದ ಮಂಜುಗಡ್ಡೆಯ ಮೇಲೆ ಏಣಿ ಹಾಸಿ, ಹೊಟ್ಟೆಯ ಮೇಲೆ ತೆವಳಿ, ಹಾಲಿನವನನ್ನೂ ಅವನ ಕ್ಯಾನುಗಳನ್ನೂ ಎಳೆದು ತಂದವನು.

ಮೂವರೂ ಅಲ್ಡವಿಯರ್ ಊರಿನ ಮಂಜುಗಡ್ಡೆಯ ಯಜಮಾನರು. ಕಾಲುವೆ ಹೆಪ್ಪುಗಟ್ಟಿದಾಗ ಜನ ಎಲ್ಲಿ ಸ್ಕೇಟು ಕಟ್ಟಿ ಇಳಿಯಬಹುದು, ಎಲ್ಲಿ ಕೂಡದು ಎಂದು ಹೇಳುವ ಹಕ್ಕು ಆ ಮನೆಯದು. ಮೂವರ ಕೈಯಲ್ಲೂ ಸವೆದದ್ದು ಒಂದೇ ಬೈರಿಗೆ. ಅದನ್ನು ಗಡ್ಡೆಗೆ ಇಳಿಸಿ, ತೂತಿನಲ್ಲಿ ಬೆರಳು ಹಾಕಿ ದಪ್ಪ ನೋಡದೆ ಅವರಲ್ಲಿ ಒಬ್ಬನೂ ಬಾಯಿ ತೆರೆದವನಲ್ಲ.

ರಿನ್ಸೆಯೂ ಹಾಗೆಯೇ ಬೆಳೆದ. ಬೇಸಗೆಯಲ್ಲಿ ದೋಣಿ ರಿಪೇರಿ, ಚಳಿಗಾಲದಲ್ಲಿ ಯಜಮಾನಿಕೆ. ಅಪ್ಪ ತೀರಿಕೊಂಡ ವರ್ಷವೇ ಅವನ ಬಲಗಣ್ಣಿನ ಹಿಂದೆ ಆ ನೋವು ಮೊದಲ ಸಲ ಹೊಕ್ಕಿತು. ತಲೆನೋವು ಎಂದರೆ ಅದಕ್ಕೆ ಮರ್ಯಾದೆ ಕೊಟ್ಟ ಹಾಗಾಯಿತು. ಕಾದ ಮೊಳೆಯನ್ನು ಯಾರೋ ಕಣ್ಣಿನ ಹಿಂದಿನಿಂದ ಹೊರಕ್ಕೆ ಬಡಿಯುತ್ತಿದ್ದ ಹಾಗೆ. ಬಲಗಣ್ಣಿನಿಂದ ಮಾತ್ರ ನೀರು ಇಳಿಯುತ್ತಿತ್ತು, ಬಲ ಹೊಳ್ಳೆ ಮಾತ್ರ ಸೋರುತ್ತಿತ್ತು, ರೆಪ್ಪೆ ಜೋಲುತ್ತಿತ್ತು. ಕೂರಲಾರ, ಮಲಗಲಾರ, ಬೋನಿಗೆ ಬಿದ್ದ ಪ್ರಾಣಿಯ ಹಾಗೆ ಅತ್ತಿಂದಿತ್ತ ಸುತ್ತುತ್ತಿದ್ದ, ಗೋಡೆಗೆ ತಲೆ ಚಚ್ಚುತ್ತಿದ್ದ. ಅಪ್ಪನ ಮಣ್ಣಿನ ದಿನ ಹೀಗೆ ಒಂದೇ ಕಣ್ಣಿನಲ್ಲಿ ಅತ್ತದ್ದನ್ನು ಕಂಡು ನೆಂಟರು ಗುಸುಗುಸು ಆಡಿಕೊಂಡರು. ಅಲ್ಲಿಂದ ಮುಂದೆ ರಿನ್ಸೆ ತನ್ನ ನೋವನ್ನು ಯಾರ ಕಣ್ಣಿಗೂ ಬೀಳಿಸದ ಹಾಗೆ ಬದುಕಲು ಕಲಿತ.

ಕೆಲವು ವಾರ ಮೇಲಿಂದ ಮೇಲೆ ಬಂದು ಕಾಡಿ, ಆಮೇಲೆ ತಿಂಗಳುಗಟ್ಟಲೆ ಮಾಯವಾಗುತ್ತಿದ್ದ ಆ ಪೀಡೆ, ಅವನ ಗ್ರಹಚಾರಕ್ಕೆ, ಪ್ರತಿ ವರ್ಷ ಚಳಿಯ ಜೊತೆಗೇ ಬರುತ್ತಿತ್ತು. ಒಂದು ಬೆಳಗ್ಗೆ ಕಾಲುವೆಯ ನಡುವೆಯೇ ಹಿಡಿದುಕೊಂಡಿತು. ರಿನ್ಸೆ ಬೈರಿಗೆ ಬಿಟ್ಟು ಬೋರಲು ಬಿದ್ದ, ಬಲಗೆನ್ನೆಯನ್ನು ಗಡ್ಡೆಗೆ ಒತ್ತಿ ಹಿಡಿದ. ಕೊರೆಯುವ ತಂಪಿಗೆ, ಬೆಂಕಿಯ ಮೇಲೆ ಒದ್ದೆ ಬಟ್ಟೆ ಹಾಕಿದ ಹಾಗೆ ಸ್ವಲ್ಪ ಹಿತವಾಯಿತು. ಏಳುವಾಗ ದಂಡೆಯ ಮೇಲೆ ಬೇಕರಿಯ ಲೋಲ್ಕೆ ನಿಂತಿದ್ದ. ರಿನ್ಸೆಯ ಬಾಲ್ಯದ ಗೆಳೆಯ. ಪ್ರತಿ ಚಳಿಗಾಲ ಗಡ್ಡೆಯ ಮೇಲೆ ಬಟಾಣಿ ಸೂಪಿನ ಅಂಗಡಿ ಹೂಡುವವನು.

"ಏನೋ ಅದು, ಕಿವಿ ಇಟ್ಕೊಂಡು ಮಲಗಿದ್ದೆ?"

ರಿನ್ಸೆ ಒರೆಸಿಕೊಂಡ ಕಣ್ಣನ್ನು ಆಚೆ ತಿರುಗಿಸಿದ. "ಕೇಳ್ತಿದ್ದೆ" ಎಂದ.

"ಏನನ್ನ?"

"ಗಡ್ಡೇನ."

ಅಷ್ಟು ಸಾಕಾಯಿತು. ಸಂಜೆಯೊಳಗೆ ಲೋಲ್ಕೆ ಊರೆಲ್ಲ ಡಂಗುರ ಸಾರಿದ. "ನಂಗೆ ನನ್ನ ಹೆಂಡ್ತಿ ಯಿಕ್ಕೆ ಮಾತೇ ಕೇಳ್ಸಲ್ಲ, ಇವ್ನಿಗೆ ಗಡ್ಡೆ ಮಾತು ಕೇಳ್ಸುತ್ತೆ ಕಣ್ರಯ್ಯಾ!" ಯಿಕ್ಕೆ ಗಲ್ಲಾಪೆಟ್ಟಿಗೆಯ ಹಿಂದಿನಿಂದ, "ಕೇಳ್ಸುತ್ತೆ ಕಣ್ರೀ, ಕೇಳಿಸ್ಕೊಳ್ಳಲ್ಲ ಅಷ್ಟೆ" ಎಂದಳು. ರಿನ್ಸೆ ಅಲ್ಲಗಳೆಯಲಿಲ್ಲ. ಒಂದೇ ಕಣ್ಣಿನಲ್ಲಿ ಅಳುವ ಗಂಡಸು ಎನಿಸಿಕೊಳ್ಳುವುದಕ್ಕಿಂತ ಗಡ್ಡೆಯ ಜೊತೆ ಮಾತಾಡುವ ಯಜಮಾನ ಎನಿಸಿಕೊಳ್ಳುವುದು ಅವನಿಗೆ ಒಪ್ಪಿಗೆಯಾಯಿತು. ಬೈರಿಗೆಯನ್ನು ಅವನು ಬಿಡಲಿಲ್ಲ, ಅದೂ ನಿಜವೇ. ಆದರೆ ವರ್ಷ ಕಳೆದಂತೆ ಜನ ಬೈರಿಗೆಯನ್ನು ನೋಡುವುದನ್ನು ಬಿಟ್ಟರು. ರಿನ್ಸೆ ಕೆನ್ನೆ ಇಟ್ಟರೆ ಮುಗಿಯಿತು, ಅಲ್ಲಿ ಇಳಿಯಬಹುದು ಎಂದೇ ಲೆಕ್ಕ.

ವಾರಕ್ಕೊಮ್ಮೆ ಮೀನಿನ ಗಾಡಿ ತರುತ್ತಿದ್ದ ಹಿಸ್ಕೆ ಎಂಬಾಕೆಗೆ ಮಾತ್ರ ಈ ಕಥೆ ಗಂಟಲಲ್ಲಿ ಇಳಿಯಲಿಲ್ಲ. ಒಂದು ದಿನ ರಿನ್ಸೆ ಗಡ್ಡೆಗೆ ಕೆನ್ನೆ ಕೊಟ್ಟು ಬಿದ್ದಿದ್ದಾಗ ಜನ ಟೋಪಿ ತೆಗೆದು ಉಸಿರು ಬಿಗಿಹಿಡಿದು ನಿಂತಿದ್ದರು. ಹಿಸ್ಕೆ ರಬ್ಬರ್ ಬೂಟಿನಲ್ಲೇ ದಪದಪ ನಡೆದು ಬಂದು, ಅವನ ಪಕ್ಕ ಕುಕ್ಕರಗಾಲಲ್ಲಿ ಕೂತು, ಮೆಲ್ಲಗೆ ಕೇಳಿದಳು.

"ಬಲಗಣ್ಣಾ, ಎಡಗಣ್ಣಾ?"

ರಿನ್ಸೆ ಕೆನ್ನೆ ಎತ್ತದೆಯೇ, "ಬಲ" ಎಂದ.

"ನಂದು ಎಡ. ಮಾತಾಡ್ಬೇಡ ಈಗ. ಇವರನ್ನ ನಾನು ಆಚೆ ಕರ್ಕೊಂಡು ಹೋಗ್ತೀನಿ." ಎದ್ದು ನಿಂತು ಕೂಗಿದಳು: "ಬನ್ರಪ್ಪಾ, ಮೀನು ಹಳಸೋಕ್ ಮುಂಚೆ ಬನ್ನಿ! ಗಡ್ಡೆ ಎಲ್ಲೂ ಓಡಿಹೋಗಲ್ಲ!"

ಅದಕ್ಕೆ ಕ್ಲಸ್ಟರ್ ತಲೆನೋವು ಎಂಬ ಹೆಸರಿದೆ ಎಂದು ಅವಳಿಂದಲೇ ಅವನಿಗೆ ತಿಳಿದದ್ದು. ಪಕ್ಕದ ಪಟ್ಟಣದ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಇಂಥವರು ಕೆಲವರು ಸೇರುತ್ತಿದ್ದರು. ಒಬ್ಬ ಲಾರಿ ಡ್ರೈವರ್, ಒಬ್ಬ ಪಾದ್ರಿ, ಒಬ್ಬಳು ಶಾಲೆಯ ಟೀಚರ್. ಅಲ್ಲಿ ಯಾರೂ ಮಾತ್ರೆ ನುಂಗಿ ಮಲಕೋ ಎನ್ನುತ್ತಿರಲಿಲ್ಲ. ನೋವನ್ನು ಕೆರಳಿಸುತ್ತದೆಂದು ಯಾರೂ ಹೆಂಡ ತರುತ್ತಿರಲಿಲ್ಲ. ಒಬ್ಬರಿಗೆ ನೋವು ಎದ್ದರೆ ಮಿಕ್ಕವರು ಮುಟ್ಟದೆ, ಕೇಳದೆ, ಕುರ್ಚಿಗಳನ್ನು ಸರಿಸಿ ಸುತ್ತಾಡಲು ಜಾಗ ಮಾಡಿಕೊಟ್ಟು ಮಾತು ಮುಂದುವರಿಸುತ್ತಿದ್ದರು. ಮೊದಲ ಸಲ ನಾಲ್ಕು ಜನರ ಎದುರು ಒಂದೇ ಕಣ್ಣಿನಲ್ಲಿ ಅತ್ತಾಗ ಪಾದ್ರಿ, "ನಿಂದು ಪರ್ವಾಗಿಲ್ಲಯ್ಯ, ನಾನು ಪ್ರಾರ್ಥನೆ ನಡುವೆ ದೇವ್ರನ್ನೇ ಬೈದು ಓಡಿದೀನಿ" ಎಂದ. ರಿನ್ಸೆ ನೋವಿನಲ್ಲೂ ನಕ್ಕುಬಿಟ್ಟ. ಅವರ ಒತ್ತಾಯಕ್ಕೆ ಡಾಕ್ಟರ ಬಳಿ ಹೋದ. ಆಕ್ಸಿಜನ್ ಸಿಲಿಂಡರ್, ಮುಖಕ್ಕೆ ಕಟ್ಟುವ ಮಾಸ್ಕ್ ಸಿಕ್ಕವು. ಅದನ್ನು ಹಾಕಿಕೊಂಡು ಉಸಿರೆಳೆದರೆ ಎಷ್ಟೋ ಸಲ ನೋವು ಕಾಲು ತೆಗೆಯುತ್ತಿತ್ತು.

"ಇದನ್ನ ಗಡ್ಡೆ ಮೇಲೆ ಎಳೆಯೋ ಸ್ಲೆಡ್ ಬಂಡೀಲಿ ಇಟ್ಕೊಂಡೇ ಕಾಲುವೆಗೆ ಹೋಗು. ಊರೋರಿಗೂ ಹೇಳ್ಬಿಡು" ಎಂದಳು ಹಿಸ್ಕೆ.

"ಹೇಳ್ತೀನಿ, ಹೇಳ್ತೀನಿ."

"ಯಾವಾಗ? ನಿನ್ನ ಗಡ್ಡೆ ಪರ್ಮಿಶನ್ ಕೊಟ್ಟ ಮೇಲಾ?"

ರಿನ್ಸೆ ನಕ್ಕು ತಪ್ಪಿಸಿಕೊಂಡ. ಸಿಲಿಂಡರ್ ಅವನ ಮಂಚದ ಕೆಳಗೇ ಉಳಿಯಿತು, ಮೇಲೊಂದು ದನಕ್ಕೆ ಹೊದಿಸುವ ಕಂಬಳಿ ಮುಚ್ಚಿಕೊಂಡು. ಅದನ್ನು ಎಳೆದುಕೊಂಡು ಹೋದರೆ ಜನ ಕೇಳುತ್ತಾರೆ. ಕೇಳಿದರೆ ಕಥೆ ಮುರಿಯುತ್ತದೆ.

ಆ ವರ್ಷ ಚಳಿ ಚೆನ್ನಾಗಿ ಕಚ್ಚಿತ್ತು. ಕಾಲುವೆಯ ಮೇಲೆ ನಡೆಯುವ ಸ್ಕೇಟು ಸ್ಪರ್ಧೆಯ ದಿನ ಬೆಳಗ್ಗೆ ರಿನ್ಸೆ ಸೇತುವೆಯ ತಿರುವಿಗೆ ಬಂದ. ಸೇತುವೆಯ ಕೆಳಗೆ ಗಡ್ಡೆ ಯಾವತ್ತೂ ಕಳ್ಳ. ಅಪ್ಪ ಅಲ್ಲಿ ಮೂರು ಕಡೆ ಕೊರೆದು ನೋಡುತ್ತಿದ್ದ. ರಿನ್ಸೆ ಮೊದಲ ತೂತಿಗೆ ಬೈರಿಗೆ ಊರಿದ, ಅಷ್ಟರಲ್ಲಿ ಕಣ್ಣಿನ ಹಿಂದೆ ಮೊಳೆ ಎದ್ದಿತು. ಬಿದ್ದ, ಕೆನ್ನೆ ಒತ್ತಿದ, ಹಲ್ಲು ಕಚ್ಚಿದ. ಅವತ್ತು ಆ ತಂಪೂ ಕೈಕೊಟ್ಟಿತು. ತಡೆಯಲಾರದೆ ಎದ್ದು, ತಲೆ ಹಿಡಿದುಕೊಂಡು ದಂಡೆ ಹತ್ತಿ, ದೋಣಿ ಕೊಟ್ಟಿಗೆಯ ಹಿಂದೆ ಮರೆಗೆ ಹೋದ. ಅಲ್ಲಿ ಸುತ್ತುತ್ತಿದ್ದಾಗ ಆಚೆ ಕಡೆಯಿಂದ ಲೋಲ್ಕೆಯ ದನಿ ಕೇಳಿಸಿತು: "ಗಡ್ಡೆ ಮಾತು ಕೇಳಿದ್ದಾಯ್ತು ಕಣ್ರೋ ನಮ್ಮ ಯಜಮಾನ! ಸೂಪು ಇಳಿಸ್ತೀನಿ!"

ಬೇಡ ಎಂದು ಕೂಗಬೇಕಿತ್ತು. ನೋವು ದನಿಯನ್ನು ಹಿಡಿದಿತ್ತೋ, ಈ ಅವತಾರದಲ್ಲಿ ಹೊರಗೆ ಬರುವ ನಾಚಿಕೆ ಕಾಲನ್ನು ಹಿಡಿದಿತ್ತೋ, ರಿನ್ಸೆಗೆ ಕೊನೆಯವರೆಗೂ ಬಗೆಹರಿಯಲಿಲ್ಲ. ಅವನು ಕೊಟ್ಟಿಗೆಯ ಮೂಲೆ ದಾಟುವುದರೊಳಗೆ ಗಡ್ಡೆ ಬಿರಿದ ಸದ್ದು ಕೇಳಿಸಿತು.

ಲೋಲ್ಕೆಯನ್ನು ಏಣಿ ಹಾಸಿ ಎಳೆದರು. ದೌವೆಯ ಏಣಿಯೇ. ಜೀವ ಇತ್ತು, ಆದರೆ ಎದೆಯೊಳಗೆ ನೀರು ಸೇರಿ ಜ್ವರ ಹತ್ತಿತು. ಆಸ್ಪತ್ರೆಯ ಹಾಸಿಗೆಯಲ್ಲಿ ಅವನು ರಿನ್ಸೆಯ ತೋಳು ಹಿಡಿದು ನಕ್ಕ.

"ಅವತ್ತು ನಿಂಗೆ ಏನ್ ಹೇಳ್ತೋ ಗಡ್ಡೆ? ನಂಗೆ ಮಾತ್ರ ಬಾ ಬಾ ಅಂತು, ಪಾತ್ರೆ ಸಮೇತ ಬಾ ಅಂತು."

ಈಗ ಹೇಳಬಹುದಿತ್ತು. ನಡುವೆ ಯಾರೂ ಇರಲಿಲ್ಲ, ನೋವೂ ಇರಲಿಲ್ಲ.

"ನಂಗೆ ಸುಳ್ಳು ಹೇಳ್ತು ಕಣೋ" ಎಂದ ರಿನ್ಸೆ.

"ಹೋಗ್ಲಿ ಬಿಡು. ಅದನ್ನ ಬೈಬೇಡ. ಇಷ್ಟು ವರ್ಷ ನಿಜಾನೇ ಹೇಳಿದೆ ಪಾಪ."

ಆ ವಾರ ಮುಗಿಯುವುದರೊಳಗೆ ಲೋಲ್ಕೆ ಹೋಗಿಬಿಟ್ಟ.

ಯಿಕ್ಕೆ ಬಾಯಿ ಬಡಿದುಕೊಳ್ಳಲಿಲ್ಲ, ಬೈಯಲಿಲ್ಲ. ಶನಿವಾರ ಶನಿವಾರ ಒಂದು ಪಾತ್ರೆ ಬಟಾಣಿ ಸೂಪು ತಂದು ರಿನ್ಸೆಯ ಮೇಜಿನ ಮೇಲೆ ಇಡುತ್ತಿದ್ದಳು. "ನೀನು ಕೊರಗಬೇಡಪ್ಪ. ಗಡ್ಡೆ ಮೋಸ ಮಾಡಿದ್ರೆ ನೀನೇನ್ ಮಾಡ್ತೀಯಾ? ಅವ್ರು ಹೋಗೋವರ್ಗೂ ನಿನ್ನ ಹೊಗಳ್ತಾನೇ ಇದ್ರು." ಅವಳು ಹೋದ ಮೇಲೆ ಆ ಸೂಪು ಮೇಜಿನ ಮೇಲೆ ಆರಿ, ಕೆನೆಗಟ್ಟಿ, ಗಟ್ಟಿಯಾಗುತ್ತಿತ್ತು.

ವಸಂತಕ್ಕೆ ಅವನು ಗ್ರಂಥಾಲಯದ ಕೋಣೆಯಲ್ಲಿ ಎಲ್ಲವನ್ನೂ ಕಕ್ಕಿದ. ಯಾರೂ ಸಮಾಧಾನದ ಮಾತಾಡಲಿಲ್ಲ. ಪಾದ್ರಿ ಕುರ್ಚಿ ಸರಿಸಿ ಪಕ್ಕಕ್ಕೆ ಬಂದು ಕೂತ. "ಯಿಕ್ಕೆಗೆ ಹೇಳ್ಬೇಕು" ಎಂದ ರಿನ್ಸೆ. "ಹೇಳ್ಬೇಕು" ಎಂದರು ಉಳಿದವರು.

ಹಿಸ್ಕೆ ತನ್ನ ಮೀನಿನ ಗಾಡಿಯಲ್ಲೇ ಅವನನ್ನು ಕರೆತಂದಳು. ಬೇಕರಿಯ ಮುಂದೆ ಎಂಜಿನ್ ನಿಲ್ಲಿಸಿದಳು. ಒಳಗೆ ಯಿಕ್ಕೆ ತಟ್ಟೆಗಳನ್ನು ಒರೆಸುತ್ತಿದ್ದದ್ದು ಗಾಜಿನಲ್ಲಿ ಕಾಣುತ್ತಿತ್ತು.

"ನಾನೂ ಬರ್ತೀನಿ" ಎಂದಳು ಹಿಸ್ಕೆ. "ಆ ನೋವು ಎಂಥದ್ದು ಅಂತ ನಾನು ಬಿಡಿಸಿ ಹೇಳ್ತೀನಿ. ಹೆಂಗಸಿಗೆ ಹೆಂಗಸು ಹೇಳಿದ್ರೆ ಅರ್ಥ ಆಗುತ್ತೆ. ನೀನು ಸುಮ್ನೆ ಪಕ್ಕದಲ್ಲಿ ನಿಂತ್ಕೋ, ಸಾಕು."

ರಿನ್ಸೆ ಬಾಗಿಲ ಹಿಡಿಯ ಮೇಲೆ ಕೈ ಇಟ್ಟ. ಆಮೇಲೆ ಹೇಳಿದ:

"ಬೇಡ ಹಿಸ್ಕೆ. ನೀನು ಬಂದ್ರೆ ಯಿಕ್ಕೆ ನನ್ನ ನೋವಿಗೆ ಅತ್ತುಬಿಡ್ತಾಳೆ. ಅತ್ತು, ಮತ್ತೆ ಸೂಪು ಬಡಿಸ್ತಾಳೆ. ನನ್ನ ಮಲಗಿಸಿದ್ದು ನೋವು, ಒಪ್ಪಿದೆ. ಆ ಸಿಲಿಂಡರ್ ಮೇಲೆ ಕಂಬಳಿ ಮುಚ್ಚಿದ್ದು ನಾನು. ಲೋಲ್ಕೆ ಮುಖ ನೋಡ್ಕೊಂಡು ತಪ್ಪನ್ನ ಗಡ್ಡೆ ಮೇಲೆ ಹಾಕಿದ್ದೂ ನಾನೇ. ನೀನು ಗಾಡಿ ತಿರುಗಿಸ್ಕೊಂಡು ಹೋಗು. ಕಾಯ್ಬೇಡ. ನಾನು ನಡ್ಕೊಂಡು ಬರ್ತೀನಿ."