ಬಂದವರಿಗೆ ಇರಲಿ ಎಂದು ಒಂದು ರೊಟ್ಟಿ

ಚಿತ್ರದುರ್ಗದ ಕಾಲೇಜಿನಲ್ಲಿ ಮೂವತ್ತು ವರ್ಷ ಬೇಡಿಕೆ, ಪೂರೈಕೆ ಎಂಬ ಎರಡು ಗೆರೆಗಳನ್ನು ಬೋರ್ಡಿನ ಮೇಲೆ ಎಳೆದವನು ನಾನು. ಅವೆರಡು ಎಲ್ಲಿ ಕೂಡುತ್ತವೆಂದು ಕಣ್ಣು ಮುಚ್ಚಿ ತೋರಿಸಬಲ್ಲೆ. ಆದರೆ ಸಂತೆಗೆ ಹೋದರೆ ಮಾತ್ರ, ಇಬ್ಬರೇ ಇರುವ ಮನೆಗೆ ಎರಡು ಕೆಜಿ ಬದನೆಕಾಯಿ ಹೊತ್ತು ತರುತ್ತೇನೆ. "ಯಾರಿಗ್ರೀ ಇಷ್ಟೊಂದು?" ಎಂದು ಹೆಂಡತಿ ಕೇಳಿದರೆ ನನ್ನಲ್ಲಿರುವುದು ಒಂದೇ ಉತ್ತರ: "ಇರ್ಲಿ ಬಿಡು, ಯಾರಾದ್ರೂ ಬಂದ್ರೆ?"

ಇದು ನನ್ನೊಬ್ಬನ ರೋಗವಲ್ಲ, ನಮ್ಮ ಸೀಮೆಯದೇ. ಅಕ್ಕಿ ಅಳೆದ ಮೇಲೆ ಒಂದು ಹಿಡಿ ಹೆಚ್ಚು, ಮುದ್ದೆ ಕಟ್ಟಿದ ಮೇಲೆ ಕೊನೆಗೊಂದು ಹೆಚ್ಚು. ಯಾರೂ ಬರದಿದ್ದರೆ ಮಾರನೇ ದಿನ ಮಜ್ಜಿಗೆಯ ಜೊತೆ ನಾವೇ ತಿನ್ನುತ್ತೇವೆ, ಬೇಜಾರೇನಿಲ್ಲ. ಮನೆಯಲ್ಲಿ ಇದು ಚೆಂದವೇ. ವ್ಯಾಪಾರಕ್ಕೆ ಇಳಿದರೆ ಏನಾಗುತ್ತದೆಂದು ನಾನು ಕಲಿತದ್ದು ಈಚೆಗೆ, ಅದೂ ನನ್ನ ತಂಗಿಯ ಒಲೆಗೆ ನೀರು ಹೊಯ್ದು.

ತಂಗಿ ಪಾರ್ವತಿ ಇರುವುದು ಮದಕರಿಪುರದಲ್ಲಿ. ತಿಪ್ಪಕ್ಕ, ಓಬಕ್ಕ ಎಂಬ ಇಬ್ಬರು ನೆರೆಯವರನ್ನು ಕೂಡಿಕೊಂಡು ಜೋಳದ ಕಡಕ್ ರೊಟ್ಟಿ ಮಾಡುತ್ತಾಳೆ. ಹತ್ತು ರೊಟ್ಟಿಗೆ ಒಂದು ಕಟ್ಟು. ಕಟ್ಟುಗಳು ಬಸ್ಸು ಹತ್ತಿ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳ ಅಂಗಡಿಗೆ ಹೋಗುತ್ತವೆ. ಹಿರಿಯೂರಿನವರು ಮುದ್ದೆಯ ಪಕ್ಷ, ಅಲ್ಲಿ ನಮ್ಮ ರೊಟ್ಟಿಗೆ ಬಿದ್ದದ್ದೇ ಓಟು. ಹೊಸದುರ್ಗದ ಮರುಳಪ್ಪನವರ ಅಂಗಡಿಯಿಂದಲೇ ಒಲೆ ಉರಿಯುತ್ತಿದ್ದದ್ದು. ಮೂವರ ಕೈಯೂ ಹಿಟ್ಟಿನಲ್ಲಿರುವುದರಿಂದ ಆರ್ಡರಿನ ಫೋನೆಲ್ಲ ನನಗೆ. ಸಪ್ಲೈ ಚೈನ್ ಮ್ಯಾನೇಜರ್ ಎಂಬ ಬಿರುದನ್ನು ನನಗೆ ನಾನೇ ಕೊಟ್ಟುಕೊಂಡಿದ್ದೆ.

ಮಳೆಮೋಡದ ಒಂದು ವಾರ ಮರುಳಪ್ಪ ಫೋನ್ ಮಾಡಿದರು. "ಸಾರ್, ಇಪ್ಪತ್ತೈದು ಕಟ್ಟು ಕಳ್ಸ್ರಿ." ನಾನು ತಂಗಿಗೆ ಮೂವತ್ತು ಎಂದೆ, ಕೊರತೆ ಬೀಳಬಾರದಲ್ಲ. ಅವಳು ತಿಪ್ಪಕ್ಕನಿಗೆ ಮೂವತ್ತೈದು ಎಂದಳು. ತಿಪ್ಪಕ್ಕ, ಓಬಕ್ಕ ಸೇರಿ ತಟ್ಟಿದ್ದು ನಲವತ್ತು. ಮಾಡಿದ್ದನ್ನು ಮನೆಯಲ್ಲಿ ಇಟ್ಟುಕೊಳ್ಳುವುದುಂಟೇ? ನಲವತ್ತೂ ಬಸ್ಸು ಹತ್ತಿದವು. ಆಮೇಲೆ ತಿಳಿದದ್ದೇನೆಂದರೆ, ಗಿರಾಕಿಗಳು ಕೇಳಿದ್ದು ಇಪ್ಪತ್ತೇ. ಮೊದಲ ಐದನ್ನು ಸೇರಿಸಿದವರು ಮರುಳಪ್ಪನವರು!

ನೋಡಿ, ಇದನ್ನೇ ನಾನು ತರಗತಿಯಲ್ಲಿ ಪಾಠ ಮಾಡುತ್ತಿದ್ದೆ. ಬಾರುಕೋಲಿನ ಹಿಡಿ ಕೈಯಲ್ಲಿ ಒಂಚೂರು ಅಲ್ಲಾಡಿದರೆ ತುದಿ ಛಟೀರೆನ್ನುತ್ತದೆ. ಅಂಗಡಿಯ ಮುಂದೆ ಚಿಕ್ಕದಾಗಿದ್ದ ಬೇಡಿಕೆ ಹಿಂದಕ್ಕೆ ಹೋಗುತ್ತಾ ದೊಡ್ಡದಾಗುತ್ತದೆ ಎಂದು. ಭಯದಿಂದ, ಆಸೆಯಿಂದ ಹಾಗಾಗುತ್ತದೆಂದು ಪುಸ್ತಕ ಹೇಳುತ್ತದೆ. ಅತಿಥಿಸತ್ಕಾರದಿಂದಲೂ ಆಗುತ್ತದೆಂದು ಯಾವ ಪುಸ್ತಕವೂ ಹೇಳಿರಲಿಲ್ಲ.

ಹಸಿಗಾಳಿಗೆ ಮೆತ್ತಗಾಗಿ, ಬಸ್ಸಿನ ಕುಲುಕಿಗೆ ಚೂರಾಗಿ ಹದಿನೆಂಟು ಕಟ್ಟು ವಾಪಸ್ ಬಂದವು, ಗಟ್ಟಿಯಿದ್ದ ಎರಡು ಅಂಗಡಿಯಲ್ಲೇ ಉಳಿದವು. ಜೊತೆಗೆ ಮರುಳಪ್ಪನವರ ಫೋನು: "ಸ್ವಲ್ಪ ದಿನ ಬ್ಯಾಡ ಸಾರ್. ಬೇಕಾದಾಗ ನಾನೇ ಹೇಳ್ತೀನಿ." ವ್ಯಾಪಾರದಲ್ಲಿ ಈ ಮಾತಿನ ಅರ್ಥ ನಿಮಗೂ ಗೊತ್ತು.

ಎರಡು ವಾರ ಒಲೆ ಸರಿಯಾಗಿ ಹೊತ್ತಲಿಲ್ಲ. ತಿಪ್ಪಕ್ಕ ಮೊಣಕಾಲು ನೋವಿನವಳು, ಹೊಲದ ಕೂಲಿ ಆಗದೆಂದೇ ರೊಟ್ಟಿ ತಟ್ಟಲು ಬಂದವಳು. "ನಾಳೆಯಿಂದ ಕಳೆ ತೆಗಿಯಾಕೆ ಹೋಗ್ತೀನಿ ಕಣಕ್ಕ" ಎಂದು ಪಾರ್ವತಿಗೆ ಹೇಳಿದಳಂತೆ. ತಂಗಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಡಿ, ಹೊಸದುರ್ಗಕ್ಕೆ ಹೋಗಾಣ, ಯಾರು ತಿಂತಾರೆ ಅಂತ ಕಣ್ಣಾರೆ ನೋಡಾಣ" ಎಂದು ಅವಳನ್ನು ಹೊರಡಿಸಿದೆ. ಮೂವತ್ತು ವರ್ಷ ಗಿರಾಕಿಯ ಬಗ್ಗೆ ಮಾತಾಡಿದ್ದೆ, ಒಬ್ಬ ಗಿರಾಕಿಯ ಮುಖವನ್ನೂ ನೆಟ್ಟಗೆ ನೋಡಿರಲಿಲ್ಲ.

"ಬರ್ರಿ, ಕುಂತ್ಕಳ್ರಿ" ಎಂದು ಮರುಳಪ್ಪ ಎರಡು ಸ್ಟೂಲು ಕೊಟ್ಟು ಟೀ ತರಿಸಿದರು. ಜಗಳವಿಲ್ಲ, ಬರೀ ಸಂಕೋಚ. ಮಧ್ಯಾಹ್ನದ ತನಕ ಕೂತೆವು. ಉಳಿದಿದ್ದ ಎರಡು ಕಟ್ಟನ್ನು ಮುಟ್ಟಿ ನೋಡಿ ಇಟ್ಟು ಹೋದವರು ಮೂರು ಜನ. ಕೊನೆಗೆ ಬಂದವಳು ಆಸ್ಪತ್ರೆಯ ನರ್ಸ್, ಹಗಲ ಡ್ಯೂಟಿಯ ನಡುವೆ ಓಡಿ ಬಂದಿದ್ದಳು. ಅವಳೂ ಕಟ್ಟನ್ನು ಎತ್ತಿ ನೋಡಿ ಕೆಳಗಿಟ್ಟಳು. ಪಾರ್ವತಿ ತಡೆಯಲಾರದೆ ಕೇಳಿಯೇಬಿಟ್ಟಳು: "ಯಾಕಮ್ಮ, ಚೆನ್ನಾಗಿಲ್ವಾ?"

"ಚೆನ್ನಾಗೈತೆ ಅಕ್ಕ. ಆದ್ರೆ ಹತ್ತು ತಗಂಡು ಏನ್ ಮಾಡ್ಲಿ? ರೂಮಲ್ಲಿ ಇರೋಳು ನಾನೊಬ್ಳೇ. ಮೂರಿದ್ರೆ ದಿನಾ ತಗಂತೀನಿ."

ಮುಟ್ಟಿ ಇಟ್ಟು ಹೋದವರೂ ಹಾಗೇ ಎಂದು ಮರುಳಪ್ಪ ಹೇಳಿದರು: ಬೇರೆ ಊರಿಂದ ಬಂದ ಮೇಷ್ಟ್ರು, ಬ್ಯಾಂಕಿನ ಹೆಣ್ಣುಮಗಳು, ಲೈನ್‌ಮ್ಯಾನು. ಎಲ್ಲ ಒಂಟಿ ರೂಮಿನವರು. ವಾಪಸ್ ಬರುವಾಗ ಬಸ್ಸಿನಲ್ಲಿ ಪಾರ್ವತಿ ನನ್ನ ಕಡೆ ತಿರುಗಿದಳು. "ಅಲ್ಲಣ್ಣ, ನಾವು ಬಂದೋರಿಗೆ ಇರ್ಲಿ, ಬಂದೋರಿಗೆ ಇರ್ಲಿ ಅಂತ ತಟ್ಟಿದ್ವಿ. ತಿನ್ನೋರ ಮನೆಗೆ ಯಾರೂ ಬರೋದೇ ಇಲ್ವಲ್ಲ" ಎಂದಳು. ಬೇಡಿಕೆ ಎಂದರೇನು ಎಂಬುದಕ್ಕೆ ಪರೀಕ್ಷೆಯಲ್ಲಿ ಐದು ಅಂಕ ಕೊಡುತ್ತಿದ್ದೆ. ಯಾವ ವಿದ್ಯಾರ್ಥಿಯೂ ಇಷ್ಟು ಚೆನ್ನಾಗಿ ಬರೆದಿರಲಿಲ್ಲ.

ಮೂರು ರೊಟ್ಟಿಯ ಪ್ಯಾಕೆಟ್ ಶುರುವಾಯಿತು. ಕೇಳಿದಷ್ಟೇ ಹೇಳುತ್ತೇನೆಂದು ನಾನು ತಂಗಿಯ ತಲೆ ಮುಟ್ಟಿ ಆಣೆ ಮಾಡಿದೆ. ತಿಪ್ಪಕ್ಕ ಕಳೆಯ ಕೆಲಸ ಬಿಟ್ಟು ಒಲೆಯ ಮುಂದೆ ಬಂದು ಕೂತಳು. ಮೊದಲ ವಾರ ಒಂದೂ ವಾಪಸ್ ಬರಲಿಲ್ಲ. ಬಂದದ್ದು ಒಂದು ತಕರಾರು. ಮರುಳಪ್ಪನವರಿಗೆ ಆ ನರ್ಸಮ್ಮ ಹೇಳಿದಳಂತೆ: "ನಿಮ್ಮೋರು ಎಣಿಸೋದ್ರಾಗೆ ತಪ್ಪು ಮಾಡವ್ರೆ, ನಾಲ್ಕು ಬಂದವೆ."

ಮದಕರಿಪುರಕ್ಕೆ ಹೋಗಿ ತಂಗಿಯನ್ನು ಕೇಳಿದೆ. ಅವಳು ತಲೆ ಎತ್ತದೆ ಹಿಟ್ಟು ನಾದುತ್ತಲೇ ಹೇಳಿದಳು: "ತಪ್ಪಿಲ್ಲ. ಲೋಡಿಗೆ ಜಾಸ್ತಿ ಹಾಕ್ಬ್ಯಾಡ ಅಂದಿ, ಹಾಕಿಲ್ಲ. ಪ್ಯಾಕೆಟ್ಟಿಗೆ ಒಂದು ಹಾಕೀನಿ. ಬಂದೋರಿಗೆ ಇರ್ಲಿ."

"ಆ ಹುಡುಗಿ ರೂಮಿಗೆ ಯಾರು ಬರ್ತಾರೆ ಮಾರಾಯ್ತಿ?" ಎಂದೆ. ಅವಳು ಇನ್ನೊಂದು ಉಂಡೆ ಕಟ್ಟಿದಳು. ನಾನೂ ವಾದ ಬೆಳೆಸಲಿಲ್ಲ, ಬದನೆಕಾಯಿಯವನಿಗೆ ಯಾವ ಮುಖ?

ಮೊನ್ನೆ ಮರುಳಪ್ಪನವರ ಫೋನು. "ಸಾರ್, ದಿನಾ ಒಂದು ಪ್ಯಾಕೆಟ್ ಜಾಸ್ತಿ ಕಳ್ಸ್ರಿ. ನರ್ಸಮ್ಮ ಈಗ ಎರಡು ತಗಂತಾರೆ. ಆ ನಾಲ್ಕನೇ ರೊಟ್ಟಿ ತಿನ್ನಾಕೆ ಅಂತ ಪಕ್ಕದ ರೂಮಿನ ಟೀಚರಮ್ಮನ್ನ ಕರೆದಿದ್ರಂತೆ. ಈಗ ಇಬ್ರೂ ಕೂಡೇ ಊಟ ಅಂತೆ."

ಆಣೆ ನೆನಪಿತ್ತು. ಹೆಚ್ಚಿಗೆ ಒಂದಕ್ಷರವನ್ನೂ ಸೇರಿಸದೆ, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಪಾರ್ವತಿಯ ಮನೆಗೇ ಹೋಗಿ ಒಪ್ಪಿಸಿದೆ. ಅವಳು ಹಿಟ್ಟಿನ ಕೈಯಲ್ಲೇ ಮುಖ ಒರೆಸಿಕೊಂಡು, ಒಳಗಿದ್ದ ತಿಪ್ಪಕ್ಕನಿಗೂ ಕೇಳುವಂತೆ ಕೂಗಿದಳು:

"ನೋಡ್ದ್ಯಾ ಅಣ್ಣ, ಬಂದ್ರಲ್ಲ!"