ಗಿರಿಜಕ್ಕನ ಗಜ್ಜರಿ ಸೀಸೆಗಳು

ನಮ್ಮಕ್ಕ ಗಿರಿಜಾ ಬೆಳಿಗ್ಗೆ ಕಾಫಿ ಕುಡಿಯುವ ಮೊದಲು ಗಾಜಿನ ಸೀಸೆಗಳನ್ನು ಬೈಯುತ್ತಿದ್ದಳು. "ಏನ್ರವ್ವಾ, ತಿಂದು ತಿಂದು ಮಲಗಿದ್ರೆ ಬಣ್ಣ ಯಾರು ಕೊಡ್ತಾರೆ?"

ಅವಳು ದಾವಣಗೆರೆಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ನಾಲ್ಕನೇ ತರಗತಿಗೇ ಶಾಲೆ ಬಿಟ್ಟ ನಾನು ಅಲ್ಲೇ ಆನೆಕೊಂಡದ ಬಾಡಿಗೆ ಮನೆಯಲ್ಲಿ ಅವಳಿಗೆ ಅಡುಗೆ ಮಾಡಿಕೊಂಡಿದ್ದೆ. ಸೀಸೆಗಳಲ್ಲಿ ಇದ್ದದ್ದು ಗಜ್ಜರಿಯ ಚೂರಿನಿಂದ ಬೆಳೆಸಿದ ಜೀವಕೋಶಗಳು. ನೋಡಲು ಒಡೆದ ಮೊಸರಿನಂಥ ಮುದ್ದೆ. ಎಳನೀರು, ಸಕ್ಕರೆ ಬೆರೆಸಿ ಕುದಿಸಿ ಆರಿಸಿದ ನೀರಿನಲ್ಲಿ ಅವು ಹಿಗ್ಗುತ್ತಿದ್ದವು. ಹಿಗ್ಗಿದ ಮೇಲೆ ಅಕ್ಕ ಅವನ್ನು ಎಳನೀರಿಲ್ಲದ ಸಪ್ಪೆ ನೀರಿಗೆ ಹಾಕಿ ಕಿಟಕಿಯ ಬೆಳಕಿಗಿಡುತ್ತಿದ್ದಳು. ಹಸಿದ ಕೋಶ ಬೆಳೆಯುವುದನ್ನು ಬಿಟ್ಟು ಹೆಚ್ಚು ಬಣ್ಣ ಕಟ್ಟುತ್ತದೆ ಎಂಬುದು ಅವಳ ನಂಬಿಕೆ. ನಿಜವಾಗಿಯೂ ಅವು ನೇರಳೆಯಾಗುತ್ತಿದ್ದವು.

"ಇವತ್ತು ಬಣ್ಣ, ನಾಳೆ ಔಷಧಿ ಕಣೇ ಶಾಂತಿ. ಗಿಡಾನೇ ಬ್ಯಾಡ, ಸೀಸೆ ಸಾಕು."

"ಪಾಪ, ಉಪವಾಸ ಕೆಡವ್ತೀಯಲ್ಲಕ್ಕ."

"ನೀನೂ ಅತ್ತೆ ಮನಿಗೆ ಹೋಗು, ಬಣ್ಣ ತಾನಾಗೇ ಬರ್ತೈತೆ!"

ಯುಗಾದಿಯ ಮರುವಾರ ಬೆಂಗಳೂರಿನ ಪ್ರೊಫೆಸರೊಬ್ಬರು ಆ ಸೀಸೆಗಳನ್ನು ನೋಡಲು ಬರುವವರಿದ್ದರು. ಮೆಚ್ಚಿದರೆ ಅಕ್ಕನಿಗೆ ಅಲ್ಲಿ ಸಂಶೋಧನೆಗೆ ಜಾಗ.

ಹಬ್ಬದ ದಿನ ಹೋಳಿಗೆ ಉಣ್ಣುವ ಮೊದಲು ಮನೆಯ ಪ್ರತಿ ಜೀವಕ್ಕೂ ಒಂದು ತುತ್ತು ಇಡುವುದು ಅವ್ವ ಕಲಿಸಿದ ಪದ್ಧತಿ. ಬೆಕ್ಕಿಗೆ ಇಟ್ಟೆ, ಬಾಗಿಲ ನಾಯಿಗೆ ಇಟ್ಟೆ. ಆಮೇಲೆ ಅಕ್ಕ ಸ್ನಾನಕ್ಕೆ ಹೋಗಿದ್ದಾಗ ಸೀಸೆಗಳ ಹತ್ತಿಬಿರಡೆ ತೆಗೆದು, ಒಂದೊಂದಕ್ಕೂ ಒಂದು ಚಮಚ ಕುದಿಸದ ಎಳನೀರು ಬಿಟ್ಟು ಮುಚ್ಚಿದೆ.

ಕೆಲವೇ ದಿನಗಳಲ್ಲಿ ಎಲ್ಲ ಸೀಸೆಗಳಲ್ಲೂ ಬೂದು ಬಣ್ಣದ ಬೂಷ್ಟು ಹಬ್ಬಿತು. ಅಕ್ಕ ಅಳಲಿಲ್ಲ. "ನನ್ನ ಕೈಯೇ ಚೊಕ್ಕ ಇರ್ಲಿಲ್ಲ ಕಣೇ," ಅಂದಳು. ನಾನು ಒಲೆಯ ಕಡೆ ತಿರುಗಿ ಬೆಂಕಿ ಊದತೊಡಗಿದೆ. ಬರುವುದು ಬೇಡವೆಂದು ಪ್ರೊಫೆಸರರಿಗೆ ತಂತಿ ಕಳಿಸಿದಳು. ಆಮೇಲೆ ಪಾಠ ಮಾಡಿದಳೇ ಹೊರತು ಸೀಸೆ ಮುಟ್ಟಲಿಲ್ಲ. "ಈ ಕೆಲಸ ನನ್ನ ಕೈಗೆ ಹತ್ತೋದಲ್ಲ," ಎನ್ನುತ್ತಿದ್ದಳು.

ನಾನು ಮದುವೆಯಾಗಿ ಸಾರಥಿ ಎಂಬ ಹಳ್ಳಿಗೆ ಹೋದೆ. ಕೆಲವು ವರ್ಷಗಳ ಮೇಲೆ ಅಕ್ಕ ಕಾಮಾಲೆಯಾಗಿ ಹರಿಹರದ ಸೋದರಮಾವನ ಮನೆಯಲ್ಲಿ ಮಲಗಿದಳು. ನೋಡಲು ಹೋದವಳು ತಡೆಯಲಾರದೆ ಎಲ್ಲ ಹೇಳಿಬಿಟ್ಟೆ.

ಅಕ್ಕ ಬೈಯಲಿಲ್ಲ. "ಎಳನೀರು ಬಿದ್ದ ಮ್ಯಾಲೆ ಬಣ್ಣ ಕಮ್ಮಿ ಆತಾ, ಬೂಷ್ಟು ಬರೋಕಿಂತ ಮುಂಚೆ?"

"ನೋಡ್ಲಿಲ್ಲಕ್ಕ."

"ಥೂ ದಡ್ಡಿ, ಅದನ್ನಾದ್ರೂ ನೋಡಬಾರ್ದಿತ್ತಾ?" ಎಂದು ನಕ್ಕಳು. ಆಮೇಲೆ ಅಂಗೈಗಳನ್ನು ಮೇಲೆ ಮಾಡಿ ಬಹಳ ಹೊತ್ತು ನೋಡಿಕೊಂಡಳು.

"ಹಂಗಾದ್ರೆ ನಾನು ಮತ್ತೆ ಶುರು ಮಾಡಬೋದಿತ್ತು."

ಮಾರನೆಯ ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಅವಳಿಗೆ ನಿದ್ದೆ ಹತ್ತಿತ್ತು. ಎಬ್ಬಿಸಲಿಲ್ಲ. ಆ ಕಾಮಾಲೆಯೇ ಅವಳನ್ನು ಒಯ್ದಿತು; ಮತ್ತೆ ಅವಳು ನನಗೆ ಸಿಗಲಿಲ್ಲ.