ಗ್ಲೈಡರಿನ ಮೂಗುನಳಿಕೆ

ಇಳಕಲ್ಲಿನಲ್ಲಿ ನನ್ನದು ಗಡಿಯಾರ ರಿಪೇರಿಯ ಅಂಗಡಿ. ನಾನು ಮುಟ್ಟಿದ ಮೇಲೆ ಓಡದ ಗಡಿಯಾರವಿಲ್ಲ ಎಂಬ ಸೊಕ್ಕು ಆಗಲೂ ಇತ್ತು, ಈಗಲೂ ಇದೆ. ಆ ಸೊಕ್ಕಿನಿಂದಲೇ ಹುನಗುಂದದ ಗ್ಲೈಡರಿನ ಕೆಲಸ ಒಪ್ಪಿಕೊಂಡೆ. ನಮ್ಮ ಸೀಮೆ ಇನ್ನೂ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಕಾಲ ಅದು. ಗ್ಲೈಡರ್ ಎಂದರೆ ಇಂಜಿನ್ನಿಲ್ಲದ ವಿಮಾನ; ಎರಡು ಸೀಟು, ಕಟ್ಟಿಗೆಯ ಮೈ, ಮೇಲೆ ಬಟ್ಟೆಯ ಹೊದಿಕೆ. ಮುಂಬೈಯಲ್ಲಿ ಹಾರಿ ಹಾರಿ ಹಳತಾದದ್ದನ್ನು ವಿಮಾನದ ಹುಚ್ಚಿನ ಒಬ್ಬ ಸಾಹೇಬರು ಕೊಂಡು ತಂದು ಹತ್ತಿಯ ಗೋದಾಮಿನಲ್ಲಿ ಇಟ್ಟಿದ್ದರು. ಮೋಟಾರು ಗಾಡಿಗೆ ಹಗ್ಗ ಕಟ್ಟಿ ಬಯಲಲ್ಲಿ ಎಳೆದರೆ ಗಾಳಿಪಟದಂತೆ ಏರುತ್ತಿತ್ತು.

ಅದರ ಮೂತಿಯಲ್ಲಿ ಮೊಳದುದ್ದದ, ನಡುವೆ ಬಾಗಿದ ಹಿತ್ತಾಳೆ ನಳಿಕೆಯೊಂದಿತ್ತು. ಎದುರು ಗಾಳಿ ಅದರೊಳಗೆ ನುಗ್ಗಿ ಒತ್ತಿದಷ್ಟೂ ವೇಗದ ಮೀಟರಿನ ಮುಳ್ಳು ಏರುತ್ತದೆ. ಮುಳ್ಳು ಸುಳ್ಳು ಹೇಳಿದರೆ ಹಾರುವವರ ಜೀವಕ್ಕೆ ಕುತ್ತು. ನಳಿಕೆಯಲ್ಲಿ ಕಣಜ ಗೂಡು ಕಟ್ಟದಂತೆ ನೋಡಿಕೊಳ್ಳುವುದು, ಅದನ್ನು ಮೀಟರಿಗೆ ಜೋಡಿಸುವ ರಬ್ಬರ್ ಕೊಳವೆ ಸೀಳಿದರೆ ಬದಲಿಸುವುದು ನನ್ನ ಪಾಲಿನ ಕೆಲಸ.

ಒಂದು ವರ್ಷ ದಸರೆಯ ಖಂಡೇಪೂಜೆ, ಅಂದರೆ ಆಯುಧಪೂಜೆ, ಮುಗಿದ ಮೂರನೆಯ ದಿನ ಆ ಮುಳ್ಳು ಅಲ್ಲಾಡಲೇ ಇಲ್ಲ. ಮರುದಿನವೇ ಮುಂಬೈಯಿಂದ ತಪಾಸಣೆಯ ಅಧಿಕಾರಿ ಬರುವವರಿದ್ದರು.

"ಮಿಸ್ತ್ರಿ, ನಾಳೆ ಮುಳ್ಳ ಏಳಲಿಲ್ಲಂದ್ರ ಇದನ್ನ ಮುರದು ಒಲಿಗೆ ಹಾಕ್ರಿ ಅಂತಾರ," ಎಂದರು ಸಾಹೇಬರು.

"ನಾ ಇದ್ದೇನಲ್ರಿ!" ಎಂದು ಮೀಟರು, ನಳಿಕೆ ಎರಡನ್ನೂ ಬಿಚ್ಚಿ ಮನೆಗೆ ತಂದೆ.

ಮೀಟರನ್ನು ಮೂರು ಸಲ ಬಿಚ್ಚಿ ಮೂರು ಸಲ ಕೂಡಿಸಿದೆ. ಒಳಗೆ ಎಲ್ಲವೂ ಚೊಕ್ಕ. ಅದನ್ನು ಮಾಡಿದ ವಿಲಾಯತಿಯವನ ಮೂರು ತಲೆಮಾರಿಗೂ ಬೈದೆ. ನನ್ನ ಹೆಂಡತಿ ನೇಕಾರರ ಮನೆಯ ಮಗಳು. ಮಗ್ಗದಲ್ಲಿ ಕೂತು ನೋಡುವಷ್ಟು ನೋಡಿ, "ಮೂಗು ಕಟ್ಟಿದ್ರ ಹೊಟ್ಟಿಗ್ಯಾಕ ಔಷಧ ಕೊಡ್ತೀರಿ?" ಎಂದಳು. ಎದ್ದು ಬಂದು ನಳಿಕೆಯ ಬಾಯನ್ನು ಬೆಳಕಿಗೆ ಹಿಡಿದಳು. "ಇದರಾಗ ಈಬತ್ತಿ ಐತಲ್ರಿ!"

ನನ್ನ ಮುಖ ಇಂಗು ತಿಂದ ಮಂಗನಂತಾಗಿರಬೇಕು. ಖಂಡೇಪೂಜೆಯ ದಿನ ಗ್ಲೈಡರಿನ ಮೈ ಒರೆಸಿ, ಭಕ್ತಿ ಉಕ್ಕಿ, ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿಂದ ಅದರ ಮೂತಿಗೆಲ್ಲ ಬಳಿದವನು ನಾನೇ. ನಳಿಕೆಯ ಬಾಯನ್ನೂ ಬಿಟ್ಟಿರಲಿಲ್ಲ; ನೀರಾದ ವಿಭೂತಿ ಒಳಗಿಳಿದು ಒಣಗಿತ್ತು.

ನಳಿಕೆಯನ್ನು ಬಿಸಿನೀರಲ್ಲಿ ನೆನೆಸಿ ಊದಿದೆವು. ಗಾಳಿಯೇನೋ ಆಡಿತು, ಆದರೆ ಬಾಗಿದ ಕಡೆ ವಿಭೂತಿ ಗಟ್ಟಿಯಾಗಿ ಕೂತಿತ್ತು. ತಂತಿ ಹಾಕಿದರೆ ಒಳಗೆಲ್ಲ ಗೀರು ಬೀಳುತ್ತದೆ. ಆಗ ಅವಳು ರೇಷ್ಮೆಯ ಎಳೆಯೊಂದನ್ನು ತಂದಳು. ಮಗ್ಗದ ಲಾಳಿಯ ತೂತಿನಿಂದ ಎಳೆ ಹೊರತರಲು ನೇಕಾರರು ಬಾಯಿಟ್ಟು ಚುರುಕ್ಕನೆ ಹೀರುತ್ತಾರೆ. ಹಾಗೆಯೇ ಎಳೆಯನ್ನು ನಳಿಕೆಯ ಒಂದು ತುದಿಗೆ ಹಿಡಿದು ಇನ್ನೊಂದು ತುದಿಯಿಂದ ಹೀರಿದಳು. ಒಂದೇ ಉಸಿರಿಗೆ ಎಳೆ ಅವಳ ತುಟಿಗೆ ಬಂತು! ಅದಕ್ಕೆ ಒದ್ದೆ ಬಟ್ಟೆಯ ಚೂರು ಕಟ್ಟಿ ಹಿಂದೆ ಮುಂದೆ ಎಳೆದೆವು. ನಾಲ್ಕನೆಯ ಸಲ ಬಟ್ಟೆ ಬೆಳ್ಳಗಾಗದೆ ಹೊರಬಂತು.

ಮರುದಿನ ಮೀಟರು, ನಳಿಕೆ ಎರಡನ್ನೂ ಮತ್ತೆ ಕೂಡಿಸಿದೆ. ಸಾಹೇಬರೂ ಅಧಿಕಾರಿಯೂ ಒಂದು ಸುತ್ತು ಹಾರಿ ಇಳಿದರು. ಮುಳ್ಳು ಏರಿದ್ದನ್ನು ಕಂಡ ಅಧಿಕಾರಿ ಕಾಗದಕ್ಕೆ ಸಹಿ ಹಾಕಿ ಹೋದರು. ನನಗೆ ಕುಣಿಯುವಷ್ಟು ಹಿಗ್ಗು. ಸಾಹೇಬರು ನನ್ನನ್ನು ತಬ್ಬಿ, "ಏನ್ ಮಾಡಿದ್ರಿ ಮಿಸ್ತ್ರಿ?" ಎಂದರು. ನಾಲಿಗೆಯ ತುದಿಗೆ ಬಂದಿದ್ದ ಬಡಾಯಿಯನ್ನು ಹೇಗೋ ನುಂಗಿಕೊಂಡು, ನೋಡಲು ಬಂದಿದ್ದ ಹೆಂಡತಿಯ ಕಡೆ ಕೈ ತೋರಿಸಿ ನಡೆದದ್ದನ್ನೆಲ್ಲ ಹೇಳಿದೆ.

"ಹಂಗಾರ ಬಾ ತಂಗಿ, ಕೂಡು," ಎಂದರು ಸಾಹೇಬರು, ಖಾಲಿ ಸೀಟು ತೋರಿಸಿ.

ಅವಳು ಸೆರಗು ಸೊಂಟಕ್ಕೆ ಬಿಗಿದು ಹತ್ತಿಯೇಬಿಟ್ಟಳು. ಮೇಲೇರಿದ ಮೇಲೆ ಹಗ್ಗ ಕಳಚಿತು, ಗ್ಲೈಡರ್ ಹೊಲಗಳ ಮೇಲೆ ಎರಡು ಸುತ್ತು ತಿರುಗಿತು. ನಾನು ಕೆಳಗೆ ನಿಂತು ನೆನಪಿದ್ದ ವಚನಗಳನ್ನೆಲ್ಲ ಹೇಳಿ ಮುಗಿಸಿದೆ. ಅವಳು ಇಳಿದೊಡನೆ ಓಡಿಹೋಗಿ, ಮೇಲಿನಿಂದ ಊರು ಹೇಗೆ ಕಂಡಿತು ಎಂದು ಕೇಳಿದೆ.

"ಊರ ಯಾರ ನೋಡ್ಯಾರ?" ಎಂದಳು. "ನಾ ಮುಳ್ಳ ನೋಡಕೋತ ಕುಂತಿದ್ದೆ. ಒಮ್ಮಿನೂ ಬೀಳಲಿಲ್ರಿ!"